ರೆಕಾರ್ಡಿನಲ್ಲಿದ್ದ ಹಾಗೆ

ಒಲೊಂಗಾಪೊ
ಫೆಬ್ರವರಿ 6, 1994

ಮಗ ಆಂಡೊಯ್‌ಗೆ,

ನೀನು ಅಲಿಂಪುಯೊ ತಂಡ ಬಿಟ್ಟೆಯಂತೆ. ಈ ಸುದ್ದಿಯನ್ನು ನನಗೆ ಹೇಳಿದವಳು ಮೀನು ಮಾರುವ ಪಿಲಾಂಗ್. ಬಂಗಡೆಯ ಕಿವಿರು ಎತ್ತಿ ತೋರಿಸುತ್ತ, "ಏನ್ ಮಾಂಗ್ ತಿಬೊ, ನಿಮ್ ಹುಡುಗ ಬ್ಯಾಂಡ್ ಬಿಟ್ನಂತಲ್ಲ? ರೇಡಿಯೋದಲ್ಲಿ ಬಂತು. ಮುಂದೆ ಹೊಟ್ಟೆಗೇನ್ ಮಾಡ್ತಾನೆ?" ಎಂದಳು. ನನಗೆ ಎಲ್ಲ ಮೊದಲೇ ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದೆ. ಆ ಗಡಿಬಿಡಿಯಲ್ಲಿ ಕಿವಿರು ನೋಡುವುದೇ ಮರೆಯಿತು. ಮನೆಗೆ ಬಂದು ನೋಡಿದರೆ ಮೀನೂ ಹಳತು. ನಿನ್ನ ಅಮ್ಮನಿಂದ ಎರಡು ವಿಷಯಕ್ಕೂ ಸೇರಿಸಿ ಬೈಸಿಕೊಂಡೆ.

ಎಂಟು ವರ್ಷದಿಂದ ದೇಶವೇ ಹಾಡಿಕೊಳ್ಳುತ್ತಿರುವ ತಂಡ. ಜೀಪ್ನಿ ಓಡಿಸುವವನಿಂದ ಹಿಡಿದು ಪಾದ್ರಿಯ ಅಡುಗೆಯವನವರೆಗೆ ಎಲ್ಲರೂ ‘ಕೊನೆಯ ದೋಣಿ’ ಗುನುಗುತ್ತಾರೆ. ರಾಗ ಗಿಟಾರಿನ ಗೋರ್ಯೊನದಿರಬಹುದು, ಆದರೆ ಗಂಟಲು ನಿನ್ನದು. ಅಂಥದ್ದನ್ನು ಬಿಟ್ಟು ಒಬ್ಬನೇ ಏನು ಮಾಡುತ್ತೀಯ? ಹೊಸ ಹಾಡು ಹಾಡುತ್ತೀಯಾ? ಜನ ಹೊಸ ಹಾಡು ಕೇಳಲು ಬರುವುದಿಲ್ಲ ಮಗನೇ. ಗೊತ್ತಿರುವುದನ್ನು ಇನ್ನೊಮ್ಮೆ ಕೇಳಲು ಬರುತ್ತಾರೆ. ಮ್ಯಾಗ್‌ಸೈಸೈ ರಸ್ತೆಯ ಕ್ಲಬ್ಬುಗಳಲ್ಲಿ ಅಮೆರಿಕದ ನಾವಿಕರ ಮುಂದೆ ಹಾಡಿ ಹಾಡಿ ನಾನು ಕಲಿತದ್ದು ಇದೊಂದೇ. ನಮ್ಮ ಕಸುಬಿಗೆ ಹೆಸರೇ ಪ್ಲಕಾಡೊ. ರೆಕಾರ್ಡಿನಲ್ಲಿ ಹೇಗಿದೆಯೋ ಹಾಗೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಗೀರು ಬಿದ್ದ ರೆಕಾರ್ಡಿನಿಂದ ನಾನು ಹಾಡು ಕಲಿತ ಕಥೆ ನೆನಪಿದೆಯಲ್ಲ? ಸೂಜಿ ಹಾರುವ ಕಡೆ ನಾನೂ ಹಾರಿ, ಅರ್ಧ ಸಾಲು ನುಂಗಿ ಮುಂದಕ್ಕೆ ಹೋಗಿದ್ದೆ. ನಾವಿಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಲ ಹಡಗು ಬಂದಾಗ ಅವರೇ ಬಂದು, ಆ ಹಾರುವ ಹಾಡು ಹಾಡು ಎಂದು ಕೇಳಿದರು. ತಪ್ಪು ಕೂಡ ಎರಡನೆಯ ಸಲಕ್ಕೆ ಜನಕ್ಕೆ ಬೇಕಾದ ಹಾಡಾಗುತ್ತದೆ. ಹೊಸದು ಮಾತ್ರ ಯಾವ ಕಾಲಕ್ಕೂ ಆಗಿಲ್ಲ.

ಗೋರ್ಯೊನ ಕಾಲು ಹಿಡಿಯಬೇಕಾಗಿಲ್ಲ, ಕೈ ಹಿಡಿದರೆ ಸಾಕು. ವಾಪಸು ಹೋಗು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾನಾ ಕೇಳಿ ಎಂದು ಅಮ್ಮ ಹೇಳುತ್ತಿದ್ದಾಳೆ.

ನಿನ್ನ ಅಪ್ಪ,
ತಿಬುರ್ಸ್ಯೊ


ಕುಬಾವೊ, ಮನಿಲಾ
ಮಾರ್ಚ್ 2, 1994

ಅಪ್ಪನಿಗೆ,

ನಿಮ್ಮ ಕೈ ನನ್ನ ಹಣೆಗೆ.

ಆಶೀರ್ವಾದ ಮಾಡಿ. ಮೊದಲೇ ಬರೆಯಬೇಕಿತ್ತು. ಬರೆದರೆ ನೀವು ಬೇಡ ಎನ್ನುತ್ತೀರಿ, ನಾನು ಹೆದರಿ ಉಳಿದುಬಿಡುತ್ತೇನೆ ಎಂದು ಬರೆಯಲಿಲ್ಲ.

ಡಗುಪಾನ್ ಊರಿನ ಕಾರ್ಯಕ್ರಮದಲ್ಲಿ ನಡೆದದ್ದನ್ನು ಹೇಳುತ್ತೇನೆ. ‘ಕೊನೆಯ ದೋಣಿ’ ಹಾಡುತ್ತಿದ್ದೆ. ನಡುವೆ, ರೂಮಿನ ನಲ್ಲಿ ನಿಲ್ಲಿಸಿ ಬಂದೆನಾ ಇಲ್ಲವಾ ಎಂದು ಯೋಚನೆ ಶುರುವಾಯಿತು. ಬಕೆಟ್ಟು ತುಂಬಿರಬೇಕು, ನೀರು ಹೊಸಿಲು ದಾಟಿರಬೇಕು, ಮನೆಯೊಡತಿ ಕೂಗಾಡುತ್ತಿರಬೇಕು. ಅಷ್ಟರಲ್ಲಿ ಚಪ್ಪಾಳೆ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪಾ, ಅಷ್ಟು ಹೊತ್ತು ನಾನು ಅಲ್ಲಿ ಇರಲೇ ಇಲ್ಲ. ನನಗೆ ಭಯವಾಯಿತು.

ಗೋರ್ಯೊಗೆ ನನ್ನ ಹೊಸ ಹಾಡುಗಳನ್ನು ಕೇಳಿಸಿದೆ. ಅವನು ಗಿಟಾರಿನ ತಂತಿ ಬಿಗಿಯುತ್ತ, "ಮಾರಾಯ, ಜನ ಅನ್ನ ಹಾಕು ಅಂತ ತಟ್ಟೆ ಹಿಡ್ಕೊಂಡು ನಿಂತಿದಾರೆ, ನೀನು ಬೀಜ ತೋರಿಸ್ತಿದೀಯಲ್ಲ" ಎಂದ. ಜಗಳವೇನೂ ಆಗಲಿಲ್ಲ. ಅವನು ಮಾಡಿದ ಹಾಡುಗಳನ್ನು ಇನ್ನು ಎಲ್ಲೂ ಹಾಡುವುದಿಲ್ಲ ಎಂದು ಮಾತು ಕೊಟ್ಟು ಹೊರಟುಬಂದೆ.

ಒಬ್ಬನೇ ಹಾಡಿದ ಮೊದಲ ಕಾರ್ಯಕ್ರಮ ಮರಿಕಿನಾದಲ್ಲಿ, ಒಂದು ಬೂಟಿನ ಅಂಗಡಿಯ ಪ್ರಾರಂಭಕ್ಕೆ. ಎರಡನೆಯ ಹಾಡಿಗೇ "ಕೊನೆಯ ದೋಣಿ! ಕೊನೆಯ ದೋಣಿ!" ಎಂದು ಕೂಗು ಎದ್ದಿತು. ಅಂಗಡಿಯವನು ಕಿವಿಯ ಹತ್ತಿರ ಬಂದು, "ಒಂದೇ ಒಂದ್ಸಲ ಹಾಡ್ಬಿಡಿ ಸಾರ್, ಯಾರಿಗ್ ಗೊತ್ತಾಗತ್ತೆ?" ಎಂದ. ಹಾಡಲಿಲ್ಲ. ಜನ ಬೂಟು ನೋಡಲು ಹೋದರು. ನನಗೂ ಒಂದು ಜೊತೆ ಕೊಟ್ಟರು, ಅಳತೆ ಚಿಕ್ಕದು.

ರೂಮಿನಲ್ಲಿ ಕೂತರೆ ಕೂರಲಾಗುವುದಿಲ್ಲ, ಮಲಗಿದರೆ ನಿದ್ದೆ ಇಲ್ಲ. ಬಸ್‌ಸ್ಟ್ಯಾಂಡಿನ ತನಕ ಸುಮ್ಮನೆ ನಡೆದುಹೋಗಿ ಬರುತ್ತೇನೆ. ಈ ಗಂಟಲು ನನ್ನದೋ ಅಥವಾ ಆ ಒಂದು ಹಾಡಿನದೋ ಎಂದು ಗೊತ್ತಾಗುವವರೆಗೆ ವಾಪಸು ಹೋಗಲಾರೆ. ಸಿಟ್ಟು ಮಾಡಿಕೊಳ್ಳಬೇಡಿ.

ನಿಮ್ಮ ಮಗ,
ಆಂಡೊಯ್

ಉಣ್ಣುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿ.


ಒಲೊಂಗಾಪೊ
ಏಪ್ರಿಲ್ 10, 1994

ಮಗ ಆಂಡೊಯ್‌ಗೆ,

ಬೂಟು ಕಳಿಸು, ನನ್ನ ಕಾಲಿಗೆ ಆದೀತು. ಸಂಗೀತದಿಂದ ಬಂದದ್ದು ಯಾಕೆ ಹಾಳಾಗಬೇಕು.

ನಿನಗೆ ಬುದ್ಧಿ ಹೇಳುವುದನ್ನು ಈ ತಿಂಗಳ ಮಟ್ಟಿಗೆ ನಿಲ್ಲಿಸಿದ್ದೇನೆ. ಅಮ್ಮನ ಅಪ್ಪಣೆ. ಅಮೆರಿಕದ ಹಡಗುಗಳು ಹೋದಮೇಲೆ ಇಲ್ಲಿ ಹಾಡುವವರಿಗೆ ಕೆಲಸವಿಲ್ಲ, ಹಾಡು ಕಲಿಸುವವನಿಗೆ ಮಾತ್ರ ಪುರುಸೊತ್ತಿಲ್ಲ. ಜಪಾನಿನ ಹೋಟೆಲಿಗೆ, ಹಾಂಗ್‌ಕಾಂಗಿನ ಹೋಟೆಲಿಗೆ ಎಂದು ಮಕ್ಕಳು ಹೊರಡುತ್ತಲೇ ಇದ್ದಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ನಿನ್ನ ಅಮ್ಮ ಹತ್ತಿ ಕಿವಿಗಿಟ್ಟುಕೊಂಡು ಅಕ್ಕಿ ಆರಿಸುತ್ತಾಳೆ.

ಒಂದು ಮಾತು ಕೇಳಬೇಕಿತ್ತು. ಒಬ್ಬ ಶಿಷ್ಯ ನಿನ್ನ ‘ಕೊನೆಯ ದೋಣಿ’ ಕಲಿಯುತ್ತಿದ್ದಾನೆ. ಎರಡನೆಯ ಚರಣದಲ್ಲಿ ಆ ಉದ್ದನೆಯ ಸಾಲು ಬರುತ್ತದಲ್ಲ, ದಡದಲ್ಲಿ ಕಾಯುವವರು ಯಾರೂ ಇಲ್ಲ ಎನ್ನುವ ಸಾಲು, ಅದರಲ್ಲಿ ನೀನು ಉಸಿರು ತೆಗೆಯುವುದು ಎಲ್ಲಿ? ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ ಕೇಳಿದೆ. ಉಸಿರೇ ಇಲ್ಲ. ಮನುಷ್ಯನಾದವನು ಅಷ್ಟುದ್ದ ಹಾಡಲಾರ. ಇಷ್ಟು ವರ್ಷ ಕಿವಿ ತೀಡಿಕೊಂಡ ನಾನೇ ಸೋತೆ. ಹೇಗೆ ಮಾಡುತ್ತೀಯ ಬರೆ.

ನಿನ್ನ ಅಪ್ಪ,
ತಿಬುರ್ಸ್ಯೊ


ಕುಬಾವೊ
ಏಪ್ರಿಲ್ 24, 1994

ಅಪ್ಪನಿಗೆ,

ನಿಮ್ಮ ಕೈ ನನ್ನ ಹಣೆಗೆ.

ನನ್ನ ಹಾಡಿನ ಬಗ್ಗೆ ನೀವು ಕೇಳಿದ ಮೊದಲ ಪ್ರಶ್ನೆ ಇದು ಎಂದು ನಿಮಗೆ ಗೊತ್ತೇ? ಎಂಟು ವರ್ಷದಲ್ಲಿ ಒಂದು ಸಲ "ಚೆನ್ನಾಗಿದೆ" ಎಂದಿದ್ದಿರಿ, ಅದೂ ಪ್ಯಾಂಟಿನ ಬಗ್ಗೆ. ನಿಮ್ಮ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ವಾರವೆಲ್ಲ ತಿರುಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಸಂತೋಷವಾಯಿತು.

ಕ್ಯಾಸೆಟ್ಟಿನಲ್ಲಿ ಉಸಿರು ಕೇಳದಿರುವುದು ನಿಮ್ಮ ಕಿವಿಯ ತಪ್ಪಲ್ಲ. ಸ್ಟುಡಿಯೋದಲ್ಲಿ ಅದನ್ನು ಕತ್ತರಿಸಿ ತೆಗೆದರು. ವೇದಿಕೆಯ ಮೇಲೆ ನಾನು ಉಸಿರು ಎಳೆಯುವುದು ಪದದ ಮಧ್ಯದಲ್ಲೇ, ‘ಕಾಯುವವರು’ ಎನ್ನುವುದನ್ನು ಅರ್ಧಕ್ಕೆ ಮುರಿದು. ಅದು ಗೊತ್ತಾಗಬಾರದೆಂದು ಗದ್ದ ತಗ್ಗಿಸಿ, ಉಳಿದರ್ಧವನ್ನು ಮೂಗಿನಿಂದ ಎಳೆಯುತ್ತೇನೆ. ಆಗ ದನಿ ಸ್ವಲ್ಪ ಸೀಳುತ್ತದೆ. ಜನ ಅಳುವುದು ಅಲ್ಲೇ. ನಾನು ಅಳುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಅಳುವೂ ಇಲ್ಲ, ಮಣ್ಣೂ ಇಲ್ಲ, ಉಸಿರು ಸಾಲದ ಅವಸರ ಅಷ್ಟೆ. ಇದನ್ನು ಗೋರ್ಯೊಗೂ ಹೇಳಿಲ್ಲ. ನಿಮಗೊಬ್ಬರಿಗೇ ಹೇಳುತ್ತಿರುವುದು.

ಇದರ ಜೊತೆ ನನ್ನ ಹೊಸ ಹಾಡುಗಳ ಕ್ಯಾಸೆಟ್ಟು ಇಟ್ಟಿದ್ದೇನೆ. ಅಂಗಡಿಗಳಲ್ಲಿ ಇದೆ, ಕೊಳ್ಳುವವರು ಕಡಿಮೆ. ದಯವಿಟ್ಟು ಪೂರ್ತಿ ಕೇಳಿ. ಹೇಗಿದೆ ಎಂದು ಮುಲಾಜಿಲ್ಲದೆ ಬರೆಯಿರಿ. ನಿಮ್ಮ ಮಾತಿಗೆ ಕಾಯುತ್ತೇನೆ.

ಆಂಡೊಯ್


ಒಲೊಂಗಾಪೊ
ಮೇ 30, 1994

ಮಗ ಆಂಡೊಯ್‌ಗೆ,

ಬೂಟು ಸರಿಯಾಗಿದೆ. ಕ್ಯಾಸೆಟ್ಟೂ ಬಂತು. ಕೇಳಿದೆ. ನಾಲ್ಕನೆಯದರಲ್ಲಿ ಡ್ರಮ್ಮಿನ ಗಲಾಟೆ ಜಾಸ್ತಿ.

ಇಲ್ಲಿ ಬಿಸಿಲು ಬಹಳ. ನಿನ್ನ ಅಮ್ಮನಿಗೆ ಮಂಡಿನೋವು. ಬೇರೆ ವಿಶೇಷವೇನಿಲ್ಲ.

ಅಪ್ಪ


ಕುಬಾವೊ
ಜುಲೈ 17, 1994

ಅಪ್ಪನಿಗೆ,

ನಿನ್ನೆ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹತ್ತಿರದ ಊಟದಂಗಡಿಯಲ್ಲಿ ಕೂತಿದ್ದೆ. ರೇಡಿಯೋದಲ್ಲಿ ‘ಕೊನೆಯ ದೋಣಿ’ ಬಂತು, ಯಾವುದೋ ಕಾರ್ಯಕ್ರಮದಲ್ಲಿ ಹಾಡಿದ್ದು. ನನ್ನದೇ ಹಳೆಯ ಮುದ್ರಣ ಹಾಕಿದ್ದಾರೆ ಎಂದುಕೊಂಡು ಉಣ್ಣುತ್ತಿದ್ದೆ. ಎರಡನೆಯ ಚರಣ ಬಂತು. ಪದ ಅರ್ಧಕ್ಕೆ ಮುರಿಯಿತು. ಉಳಿದರ್ಧ ಮೂಗಿನಿಂದ ಬಂತು. ದನಿ ಸೀಳಿತು. ತುತ್ತು ಕೈಯಲ್ಲೇ ಉಳಿಯಿತು. ಯಾವ ಊರಿನಲ್ಲಿ ಯಾವತ್ತು ಹಾಡಿದ್ದು ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಆಗ ನಿರೂಪಕ ಹೇಳಿದ, ಕೇಳಿದಿರಲ್ಲ, ಅಲಿಂಪುಯೊ ತಂಡದ ಹೊಸ ಹಾಡುಗಾರ, ಕಾಸ್ತಿಯೇಹೊಸ್‌ನ ಡಿಂಡೊ.

ಕಾಸ್ತಿಯೇಹೊಸ್. ನಮ್ಮ ಮನೆಯಿಂದ ಜೀಪ್ನಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಸಿಗುವ ಊರು.

ನಾನು ಕೂದಲು ಕತ್ತರಿಸಿಕೊಂಡಿದ್ದೇನೆ, ಊಟದಂಗಡಿಯ ಹೆಂಗಸಿಗೆ ಗುರುತು ಹತ್ತಲಿಲ್ಲ. ಸಾರು ಬಡಿಸುತ್ತ, "ಬಿಟ್ಟು ಹೋದೋನಿಗಿಂತ ಇವ್ನೇ ವಾಸಿ ಕಣಣ್ಣ. ಇವ್ನ್ ದನೀಲಿ ಸಂಕಟ ಇದೆ" ಎಂದಳು.

ಆ ಸಂಕಟ ಯಾರದು ಅಪ್ಪಾ? ನಾನು ನಿಮಗೆ ಬರೆದದ್ದಲ್ಲವೇ? ಪ್ರಪಂಚದಲ್ಲಿ ಒಬ್ಬರಿಗೆ ಹೇಳಿದ್ದೆ. ಆ ಪ್ರಶ್ನೆ ಓದಿ ಎಂಥ ಮೂರ್ಖನಂತೆ ಹಿಗ್ಗಿದೆ! ನನ್ನ ಕ್ಯಾಸೆಟ್ಟಿಗೆ ಒಂದೂವರೆ ಸಾಲು ಬರೆದ ನೀವು ಅವನ ಮೂಗು, ಗದ್ದ ತಿದ್ದುತ್ತಾ ಎಷ್ಟು ದಿನ ಕೂತಿರಿ? ನಾನು ಹಿಂದೆ ಬಿಟ್ಟು ಬರಲು ಒದ್ದಾಡುತ್ತಿರುವುದನ್ನೇ ನೀವು ಇನ್ನೊಬ್ಬನಿಗೆ ತೊಡಿಸಿ ನನ್ನ ಎದುರಿಗೆ ತಂದು ನಿಲ್ಲಿಸಿದಿರಿ. ಇದು ಕಳ್ಳತನ. ಬೇರೆ ಹೆಸರಿದ್ದರೆ ನೀವೇ ಹೇಳಿ.

ಆಂಡೊಯ್


ಒಲೊಂಗಾಪೊ
ಜುಲೈ 25, 1994

ಲೆಯಾಂದ್ರೊ,

ಮುದ್ದಿನ ಹೆಸರು ಇವತ್ತು ಬೇಡ. ಹೌದು, ಕಲಿಸಿದೆ. ಗೋರ್ಯೊನೇ ಆ ಹುಡುಗನನ್ನು ಮನೆ ಬಾಗಿಲಿಗೆ ಕರೆತಂದ. "ಮಾಂಗ್ ತಿಬೊ, ಆ ದನಿ ಹುಟ್ಟಿದ ಮನೆಯಲ್ಲೇ ಇವನು ಕಲೀಲಿ" ಎಂದ. ಬಂದ ಶಿಷ್ಯನನ್ನು ಇಂಥವನ ಹಾಡಾದರೆ ಕಲಿಸುತ್ತೇನೆ, ಇಂಥವನದಾದರೆ ಇಲ್ಲ ಎಂದು ನಾನು ಎಂದೂ ವಾಪಸು ಕಳಿಸಿಲ್ಲ. ಅದು ನನ್ನ ಕಸುಬು. ಆ ಕಸುಬಿನಲ್ಲೇ ನೀನು ಅನ್ನ ಉಂಡು ದೊಡ್ಡವನಾದದ್ದು.

ನೀನೇ ಕಳಚಿ ಎಸೆದು ಹೋದ ಅಂಗಿ ಮೊಳೆಯಲ್ಲಿ ನೇತಾಡುತ್ತಿತ್ತು. ಇನ್ನೊಬ್ಬ ತೊಟ್ಟರೆ ನಿನಗೇಕೆ ಚಳಿಯಾಗಬೇಕು? ಡಿಂಡೊ ಒಳ್ಳೆಯ ಹುಡುಗ. ಹೇಳಿದಲ್ಲಿ ಎತ್ತುತ್ತಾನೆ, ಹೇಳಿದಲ್ಲಿ ಇಳಿಸುತ್ತಾನೆ. ಹಾಡುವಾಗ ನಲ್ಲಿಯ ಯೋಚನೆ ಮಾಡುವುದಿಲ್ಲ.

ಕಳ್ಳತನ ಎಂದೆ. ನಾನು ಜೀವಮಾನವೆಲ್ಲ ಬೇರೆಯವರ ಗಂಟಲಿನಲ್ಲಿ ಹಾಡಿ ನಿನ್ನನ್ನು ಓದಿಸಿದೆ. ಅಮೆರಿಕದ ಆ ದೊಡ್ಡ ದೊಡ್ಡ ಹಾಡುಗಾರರಲ್ಲಿ ಒಬ್ಬನೂ ನನಗೆ ಕಾಗದ ಬರೆದು ಕಳ್ಳ ಎನ್ನಲಿಲ್ಲ. ಹೆತ್ತ ಮಗ ಎಂದ.

ತಿಬುರ್ಸ್ಯೊ ಲಕ್ಸಮಾನ


ಒಲೊಂಗಾಪೊ
ನವೆಂಬರ್ 20, 1994

ಪ್ರೀತಿಯ ಆಂಡೊಯ್‌ಗೆ,

ಅಮ್ಮ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ.

ಹಿರಿಯರ ಹಬ್ಬಕ್ಕೆ ನೀನು ಬರಲಿಲ್ಲ. ಅಜ್ಜಿಯ ಗೋರಿಗೆ ನಾನೇ ಸುಣ್ಣ ಹೊಡೆದೆ. ನಿನ್ನ ಅಪ್ಪ ಮೇಣದಬತ್ತಿ ಹಿಡಿದುಕೊಂಡು, "ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ" ಎಂದು ಮೇಸ್ತ್ರಿಗಿರಿ ಮಾಡಿದರು. ಬ್ಯಾಂಡು ಬಿಟ್ಟೆ, ಸರಿ. ಮನೆಯನ್ನೂ ಬಿಟ್ಟೆಯಾ?

ಇಬ್ಬರೂ ಒಂದೇ ಹದದ ಕೋಣಗಳು. ಒಬ್ಬರಿಗೊಬ್ಬರು ಕಾಗದ ಬರೆಯುವುದಿಲ್ಲ, ನಡುವೆ ಪೋಸ್ಟಿನವನು ಬಂದರೆ ಇವರು ಮೊದಲು ಓಡುತ್ತಾರೆ. ಕರೆಂಟು ಬಿಲ್ಲು ನೋಡಿ ಸಪ್ಪೆ ಮೋರೆ ಹಾಕಿಕೊಂಡು ಒಳಗೆ ಬರುತ್ತಾರೆ. ಹೋದ ವಾರ ಆ ಡಿಂಡೊ ಬ್ರೆಡ್ಡು ತಂದಿದ್ದ. ಸಾಧು ಹುಡುಗ. ನಿನ್ನ ಹಾಡು ಹಾಡಿ ತೋರಿಸುತ್ತೇನೆ ಎಂದಾಗ ಇವರು, "ಸಾಕು ಬಿಡಪ್ಪ, ತಲೆನೋವು" ಎಂದು ಎದ್ದು ಹಿತ್ತಲಿಗೆ ಹೋದರು. ತಲೆನೋವು ಗಿಲೆನೋವು ಏನೂ ಇರಲಿಲ್ಲ. ಆಮೇಲೆ ಅವನ ಬ್ರೆಡ್ಡನ್ನು ಇವರೇ ತಿಂದರು.

ಇನ್ನೊಂದು ಮಾತು. ನಿನ್ನ ಹೊಸ ಕ್ಯಾಸೆಟ್ಟು ಮೆಷೀನಿನಲ್ಲೇ ಇದೆ. ನಾನು ಹಾಕಿದ್ದಲ್ಲ.

ಕ್ರಿಸ್‌ಮಸ್ಸಿಗೆ ಬಾ. ಹುಳಿಸಾರು ಮಾಡುತ್ತೇನೆ.

ನಿನ್ನ ಅಮ್ಮ,
ಲುಮಿಂಗ್


ಕುಬಾವೊ
ಜನವರಿ 15, 1995

ಅಮ್ಮನಿಗೆ,

ನಿನ್ನ ಕೈ ನನ್ನ ಹಣೆಗೆ.

ಕ್ರಿಸ್‌ಮಸ್ಸಿಗೆ ಬರಲಿಲ್ಲ, ಬೈದುಕೋ. ಬಂದರೆ ಅವರೊಂದು, ನಾನೊಂದು ಅಂದು ನಿನ್ನ ಹಬ್ಬ ಹಾಳಾಗುತ್ತಿತ್ತು. ಬಸ್‌ಸ್ಟ್ಯಾಂಡಿನವರೆಗೆ ಎರಡು ಸಲ ಚೀಲ ಹಿಡಿದುಕೊಂಡು ಹೋಗಿ ವಾಪಸು ಬಂದೆ. ನಿಂತಲ್ಲಿ ನಿಲ್ಲಲು ನನಗೆ ಆಗುತ್ತಿಲ್ಲ ಅಮ್ಮಾ. ಈ ತಿಂಗಳು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಹಾಡಿದೆ, ಸುಂದರಿಯರ ಸ್ಪರ್ಧೆಯ ನಡುವೆ ಹಾಡಿದೆ, ಒಂದು ಕಡೆ ಹಾಡಲು ಹೋಗಿ ಕುರ್ಚಿ ಜೋಡಿಸಿ ಬಂದೆ.

ಹೊಸ ವರ್ಷದ ವಾರ ಇಬಾದಲ್ಲಿ ಕೋಳಿಜಗಳದ ಅಖಾಡದೊಳಗೆ ಕಾರ್ಯಕ್ರಮ. ನೆಲದ ಮೇಲೆ ಇನ್ನೂ ಪುಕ್ಕಗಳಿದ್ದವು. ನಾನು ಎರಡು ಹಾಡು ಮುಗಿಸುವಷ್ಟರಲ್ಲಿ ಮೇಲಿನ ಸಾಲುಗಳಲ್ಲಿ ಗದ್ದಲ ಶುರುವಾಯಿತು. ನೋಡಿದರೆ ಬಾಜಿ ಕೂಗುವವರು ಎದ್ದು ನಿಂತು ಬೆರಳು ತೋರಿಸುತ್ತಿದ್ದಾರೆ. ಯಾವ ಕೋಳಿಯ ಮೇಲೆ ಎಂದು ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಕೋಳಿ ನಾನೇ.

"ಹಾಡ್ತಾನೆ! ಕೊನೆಯ ದೋಣಿ ಹಾಡೇ ಹಾಡ್ತಾನೆ!"

"ಹಾಡಲ್ಲ ಕಣೋ, ನಾನ್ ಕಟ್ತೀನಿ!"

ಪ್ರತಿ ಹಾಡು ಶುರುವಾದಾಗಲೂ ಇಡೀ ಅಖಾಡ ಉಸಿರು ಬಿಗಿಹಿಡಿಯುತ್ತಿತ್ತು. ಅಲ್ಲ ಎಂದು ಗೊತ್ತಾದೊಡನೆ ಅರ್ಧ ಜನ ಬೈಯುತ್ತಿದ್ದರು, ಅರ್ಧ ಜನ ಕುಣಿಯುತ್ತಿದ್ದರು. ನನಗೆ ಸಿಟ್ಟು ಬಂತು, ನಗು ಬಂತು, ಕೊನೆಗೆ ಏನೋ ಹುಚ್ಚು ಬಂತು. ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆ ಹಾಡುವುದನ್ನೇ ಬಿಟ್ಟೆ. ಸಾಲುಗಳನ್ನು ಎಳೆದೆ, ಮುರಿದೆ, ಅಲ್ಲೇ ಕೂಡಿಸಿದೆ. ಒಂದು ಹಾಡಿನಲ್ಲಿ ಮಾತ್ರ ಬಾಜಿಯವರೂ ಕೈ ಇಳಿಸಿ ಸುಮ್ಮನೆ ಕೂತರು. ಯಾಕೆ ಎಂದು ನನಗೆ ಈಗಲೂ ಗೊತ್ತಿಲ್ಲ. ಮತ್ತೆ ಹಾಗೆ ಹಾಡಲು ಹೋದರೆ ಬರುತ್ತಲೂ ಇಲ್ಲ.

ಹೊರಗೆ ಬರುವಾಗ ಗೇಟಿನವನು, "ಸಾರ್, ನಿಮ್ ಮೂಗೇ ಇರೋ ಮುದುಕ್ರೊಬ್ರು ಮೇಲಿನ್ ಸಾಲಲ್ಲಿದ್ರು, ನಿಮ್ಮೋರಾ?" ಎಂದ. ಅಮ್ಮಾ, ಅಪ್ಪ ಆ ದಿನ ಮನೆಯಲ್ಲಿದ್ದರೇ?

ಆಂಡೊಯ್


ಕುಬಾವೊ
ಏಪ್ರಿಲ್ 3, 1995

ಅಪ್ಪನಿಗೆ,

ನಿಮ್ಮ ಕೈ ನನ್ನ ಹಣೆಗೆ.

ಸುತ್ತಿ ಬಳಸಿ ಬರೆಯಲು ತಾಳ್ಮೆ ಇಲ್ಲ. ನೀವು ಗೆದ್ದಿರಿ.

ಮೇ ಆರು, ಶನಿವಾರ ಅಲಿಂಪುಯೊದ ದೊಡ್ಡ ಕಾರ್ಯಕ್ರಮ, ಮನಿಲಾದ ಕ್ರೀಡಾಂಗಣದಲ್ಲಿ. ಹಣ ಹಾಕುವವರು ಪೋಸ್ಟರಿನಲ್ಲಿ ನನ್ನ ಮುಖ ಬೇಕೆಂದರಂತೆ. ಗೋರ್ಯೊ ನನ್ನ ರೂಮಿನ ಮೆಟ್ಟಿಲು ಹತ್ತಿ ಬಂದ. "ಬಾ ಮಾರಾಯ, ಹಳೇದೆಲ್ಲ ಬಿಡು. ಅವತ್ತಿಂದ ಮತ್ತೆ ನೀನೇ ನಮ್ಮ ಹಾಡುಗಾರ" ಎಂದ. ನನ್ನ ಕ್ಯಾಸೆಟ್ಟುಗಳು ಮಂಚದ ಕೆಳಗೆ ಪೆಟ್ಟಿಗೆಯಲ್ಲೇ ಇದ್ದವು. ಅವನು ಅವುಗಳ ಮೇಲೇ ಕಾಲು ಚಾಚಿ ಕೂತಿದ್ದ. ಆಗಲಿ ಎಂದೆ. ದಣಿದಿದ್ದೇನೆ ಅಪ್ಪಾ.

ಮೊನ್ನೆ ತಾಲೀಮಿಗೆ ಹೋದೆ. ‘ಕೊನೆಯ ದೋಣಿ’ ಎತ್ತಿದೆ. ಗೋರ್ಯೊ ಗಿಟಾರು ನಿಲ್ಲಿಸಿ, "ಅದಲ್ಲ" ಎಂದ. ಮತ್ತೆ ಎತ್ತಿದೆ. "ಅದಲ್ಲ ಮಾರಾಯ. ಏನೇನೋ ಎಳೀತಿದೀಯ. ಮೊದಲಿನ ಹಂಗೆ ಹಾಡು." ಮೊದಲಿನ ಹಾಗೆ ಎಂದರೆ ಹೇಗೆ, ನನಗೆ ಮರೆತಿದೆ. ಹತ್ತು ಸಲ ಹಾಡಿದರೆ ಹತ್ತು ಥರ ಬರುತ್ತದೆ. ಡ್ರಮ್ಮಿನವನು ಕಡ್ಡಿ ಕೆಳಗಿಟ್ಟು ಸಿಗರೇಟು ಹಚ್ಚಿದ. ಕೊನೆಗೆ ಗೋರ್ಯೊ ಮೂಲೆಯಲ್ಲಿ ಕೂತಿದ್ದ ಡಿಂಡೊನನ್ನು ಕರೆದು, "ಒಂದ್ಸಲ ಹೇಳಿಕೊಡೋ ಇವನಿಗೆ" ಎಂದ.

ಆ ಹುಡುಗನ ಮುಖ ನೋಡಬೇಕಿತ್ತು. ನಾಚಿಕೆಯಿಂದ ಕುಗ್ಗಿ ಹೋಗಿದ್ದ. ನನ್ನ ಪಕ್ಕ ಬಂದು ಮೆಲ್ಲಗೆ, "ಕುಯಾ, ಅಣ್ಣಾ, ತಪ್ಪು ತಿಳ್ಕೋಬೇಡಿ. ಇಲ್ಲಿ ನೀವು ಗದ್ದ ಇಳಿಸ್ತಿದ್ರಿ. ಹಿಂಗೆ" ಎಂದು ತೋರಿಸಿದ. ನಾನು ಗದ್ದ ಇಳಿಸಿದೆ. "ಇನ್ನೂ ಸ್ವಲ್ಪ, ಕುಯಾ" ಎಂದ. ಇಳಿಸಿದೆ. ನನ್ನ ಹಾಗೆ ಹಾಡುವುದನ್ನು ನಾನು ಅವನಿಂದ ಕಲಿಯುತ್ತ ಸಂಜೆಯವರೆಗೆ ನಿಂತಿದ್ದೆ. ಆದರೂ ಬರಲಿಲ್ಲ.

ಅವನನ್ನು ತಿದ್ದಿದವರು ನೀವು. ನನ್ನನ್ನೂ ತಿದ್ದಿ. ಈಸ್ಟರ್ ಮುಗಿದ ಮೇಲಿನ ಶನಿವಾರ ಬರುತ್ತೇನೆ, ಒಂದು ವಾರ ಕೂರಿಸಿಕೊಂಡು ಕಲಿಸಿ. ನೀವು ಬೇಡವೆಂದರೆ ಇನ್ಯಾರೂ ಇಲ್ಲ. ನೀವು ಬಯಸಿದ ಹಾಗೆಯೇ ಆಗುತ್ತಿದೆ, ಇಲ್ಲ ಎನ್ನಬೇಡಿ.

ಆಂಡೊಯ್


ಒಲೊಂಗಾಪೊ
ಏಪ್ರಿಲ್ 12, 1995

ಮಗ ಆಂಡೊಯ್‌ಗೆ,

ಪವಿತ್ರ ವಾರ. ರೇಡಿಯೋದಲ್ಲಿ ಹಾಡಿಲ್ಲ, ಮನೆಗೆ ಶಿಷ್ಯರಿಲ್ಲ. ಬೀದಿಯ ತುದಿಯಲ್ಲಿ ಹೆಂಗಸರು ಸರದಿಯ ಮೇಲೆ ಯೇಸುವಿನ ಕಥೆ ಓದುತ್ತಿದ್ದಾರೆ. ನಿನ್ನ ಅಮ್ಮ ಅಲ್ಲಿದ್ದಾಳೆ. ಕಾಗದ ಬರೆಯುವುದನ್ನು ನೆಪ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಹೋದ ವರ್ಷವೆಲ್ಲ ನಾನು ಕಾಯುತ್ತಿದ್ದದ್ದು ಇದೇ ಕಾಗದಕ್ಕೆ. ಮಗ ತಂಡಕ್ಕೆ ವಾಪಸು. ಪಿಲಾಂಗ್‌ಗೆ ಹೇಳಿ ತಾಜಾ ಮೀನು ತರಬೇಕಿತ್ತು. ಆದರೆ ಓದಿ ಮುಗಿಸಿದಾಗ ಸಂತೋಷ ಬರಲಿಲ್ಲ. ಆ ಹುಡುಗ ನಿನ್ನ ಗದ್ದ ಇಳಿಸುತ್ತಿರುವುದು ಕಣ್ಣಿಗೆ ಕಟ್ಟಿತು.

ನಾನು ಕಲಿಸುವುದಿಲ್ಲ.

ಇಬಾದಲ್ಲಿ ಮೇಲಿನ ಸಾಲಿನಲ್ಲಿದ್ದದ್ದು ನಾನೇ. ಬಸ್ಸಿನಲ್ಲಿ ಹೋಗಿದ್ದೆ, ಅಮ್ಮನಿಗೆ ಹಲ್ಲು ತೋರಿಸಿಕೊಂಡು ಬರುತ್ತೇನೆ ಎಂದಿದ್ದೆ. ನಾನೂ ಬಾಜಿ ಕಟ್ಟಿದೆ. ನೀನು ಸೋತು ಆ ಹಾಡು ಹಾಡೇ ಹಾಡುತ್ತೀಯ ಎಂದು ಕಟ್ಟಿದೆ, ಏಕೆಂದರೆ ನಾನಾಗಿದ್ದರೆ ಹಾಡುತ್ತಿದ್ದೆ. ಬಾಜಿ ಸೋತು ಎದ್ದಾಗ ಪಕ್ಕದವನು, "ಏನಜ್ಜ, ಸೋತ್ರೂ ನಗ್ತಿದೀರಲ್ಲ?" ಎಂದ. ನಗುತ್ತಿದ್ದೆನೋ ಏನೋ, ನನಗೆ ತಿಳಿಯದು.

ಮುಲಾಜಿಲ್ಲದೆ ಹೇಳಿ ಎಂದು ನೀನು ಒಂದು ಸಲ ಕೇಳಿದ್ದೆ. ಹೇಳುತ್ತೇನೆ. ನಿನ್ನ ಹೊಸ ಹಾಡುಗಳು ನನಗೆ ಇಷ್ಟವಾಗಲಿಲ್ಲ. ಒಂದಕ್ಕೆ ತಲೆ ಇಲ್ಲ, ಒಂದಕ್ಕೆ ಬಾಲ ಇಲ್ಲ. ಆದರೂ ಮನೆಗೆ ಬಂದು, ಬಾಜಿಯವರನ್ನು ಸುಮ್ಮನಾಗಿಸಿದ ಆ ಒಂದನ್ನು ಹಿಡಿಯಲು ಕೂತೆ. ಹುಟ್ಟುಗುಣ. ಕ್ಯಾಸೆಟ್ಟಿನಲ್ಲಿ ಒಂದು ಥರ ಇದೆ, ಅಖಾಡದಲ್ಲಿ ನೀನು ಹಾಡಿದ್ದೇ ಬೇರೆ. ಯಾವುದನ್ನು ಹಿಡಿಯಲಿ? ಮುಂದಿನ ಸಾಲು ಎತ್ತ ಹೋಗುತ್ತದೆ ಎಂದು ಹಾಡುವ ನಿನಗೇ ಗೊತ್ತಿರಲಿಲ್ಲ, ನಾನು ನೋಡಿದೆ. ನನಗೆ ಸಿಗದ ದನಿ ಅದೊಂದೇ. ಮೊದಲು ಸಿಟ್ಟು ಬಂತು. ಆಮೇಲೆ ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು ಆಂಡೊಯ್. ಹೆತ್ತ ಮಗನ ಮೇಲೆ. ನನ್ನ ಗಂಟಲಿನಲ್ಲಿ ಊರ ಜನವೆಲ್ಲ ಇದ್ದಾರೆ, ನಾನೊಬ್ಬ ಎಲ್ಲಿದ್ದೇನೆ ಎಂದು ಗೊತ್ತಿಲ್ಲ. ಒಂದು ಸಲ ಹುಡುಕಿ ನೋಡುವ ಧೈರ್ಯವನ್ನೂ ನಾನು ಮಾಡಲಿಲ್ಲ.

ನಿನಗೆ ನಿನ್ನ ಹಾಗೆಯೇ ಹಾಡುವುದನ್ನು ಕಲಿಸಿದರೆ ಈ ಮನೆಯಲ್ಲಿ ಇಬ್ಬರು ಪ್ಲಕಾಡೊ ಕಸುಬಿನವರಾಗುತ್ತಾರೆ. ಒಬ್ಬ ಸಾಕು. ಮಗನಾಗಿ ಬರುವುದಾದರೆ ಈಸ್ಟರ್ ಮುಗಿದ ಮೇಲಿನ ಶನಿವಾರ ಬಾ, ಅಮ್ಮನ ಹುಳಿಸಾರು ಕ್ರಿಸ್‌ಮಸ್ಸಿನಿಂದ ಕಾಯುತ್ತಿದೆ. ಶಿಷ್ಯನಾಗಿ ಬಂದರೆ ಬಾಗಿಲು ತೆಗೆಯುವುದಿಲ್ಲ. ಗೋರ್ಯೊಗೆ ನೀನೇ ಹೇಳು, ಆಗುವುದಿಲ್ಲ ಎಂದು. ಡಿಂಡೊ ಹಾಡಲಿ. ಚೆನ್ನಾಗಿಯೇ ಹಾಡುತ್ತಾನೆ, ಕಲಿಸಿದವನು ನಾನು.

ಇನ್ನು ಒಂದು ಸಂಕಟ ಉಳಿದಿದೆ. ನಿನ್ನ ಕಾಗದ ಪೂರ್ತಿ ಓದುವ ಮೊದಲೇ, ಮಗ ಕ್ರೀಡಾಂಗಣದಲ್ಲಿ ಹಾಡುತ್ತಾನೆ ಎಂದು ಬೀದಿಗೆಲ್ಲ ಸಾರಿಬಿಟ್ಟೆ. ಮೇ ಆರಕ್ಕೆ ಒಂದು ಜೀಪ್ನಿಗೂ ಹೇಳಿಯಾಗಿದೆ. ಪಿಲಾಂಗ್ ಬರುತ್ತಾಳೆ, ಅವಳ ಗಂಡ ಬರುತ್ತಾನೆ, ಅಮ್ಮನ ಓದಿನ ಗುಂಪಿನ ಹೆಂಗಸರು ಬರುತ್ತಾರೆ. ಈಗ ಬೇಡವೆಂದರೆ ನನ್ನ ಮಾನ ಹೋಗುತ್ತದೆ, ಅದಕ್ಕೆ ಎಲ್ಲರನ್ನೂ ನೀನು ಒಬ್ಬನೇ ಹಾಡುವ ಕಡೆಗೇ ಕರೆತರುತ್ತೇನೆ. ಅವರಿಗೆ ನಿನ್ನ ಹೊಸ ಹಾಡು ಒಂದೂ ಗೊತ್ತಿಲ್ಲ. ಹಳೆಯದನ್ನು ಕೂಗಿ ಕೇಳುತ್ತಾರೆ, ಅರ್ಧ ಜನ ನಿದ್ದೆಯನ್ನೂ ಮಾಡಿಯಾರು. ನಾನು ಎಚ್ಚರವಾಗಿರುತ್ತೇನೆ.

ಮೇ ಆರಕ್ಕೆ ನೀನು ಒಬ್ಬನೇ ಎಲ್ಲಿ ಹಾಡುತ್ತೀಯ, ಬೇಗ ತಿಳಿಸು. ಡ್ರೈವರು ದಾರಿ ಕೇಳುತ್ತಿದ್ದಾನೆ. ಎಲ್ಲೂ ಇಲ್ಲ ಎನ್ನುವುದಾದರೆ ಹುಡುಕು. ಇನ್ನೂ ಮೂರು ವಾರ ಇದೆ.

ನಿನ್ನ ಅಪ್ಪ